ಹದಿನೈದನೆಯ ಕೋಲು

ಮಾರ್ಚಿನಲ್ಲಿ ಸಾಲ್ತಾದ ಬೆಟ್ಟಗಳ ನಡುವೆ ಶುರುವಾದ ಗಾಲ್ಫ್ ಟೂರ್ ಡಿಸೆಂಬರಿನಲ್ಲಿ ಸಮುದ್ರದ ದಂಡೆಗೆ ಬಂದು ಮುಟ್ಟುವಷ್ಟರಲ್ಲಿ ಫೆರ್ಮಿನ್‌ಗೆ ಊರುಗಳೆಲ್ಲ ಕಲಸಿಹೋಗಿದ್ದವು. ಏರುಗಳು ಮಾತ್ರ ನೆನಪಿದ್ದವು. ಮೆಂದೋಸಾದ ಏಳನೇ ಕುಳಿಯ ಏರು, ತುಕುಮಾನ್‌ನ ಹದಿನಾರನೆಯದು. ಆಟಗಾರನ ಚೀಲ ಹೊರುವ ಕ್ಯಾಡಿಗೆ ದೇಶವೆಂದರೆ ಅಷ್ಟೇ.

ಅವನಿಗೆ ಅರವತ್ತೇಳು. ಹತ್ತೊಂಬತ್ತು ವರ್ಷಗಳಿಂದ ಅನ್ಸೆಲ್ಮೊನ ಚೀಲ ಅವನ ಹೆಗಲ ಮೇಲೆಯೇ. ಅನ್ಸೆಲ್ಮೊಗೂ ಈಗ ನಲವತ್ತೆರಡು; ಸೊಂಟಕ್ಕೆ ಪಟ್ಟಿ ಬಿಗಿಯದೆ ಆಟಕ್ಕೆ ಇಳಿಯುತ್ತಿರಲಿಲ್ಲ. ವರ್ಷದ ಪಟ್ಟಿಯಲ್ಲಿ ಮೊದಲ ಐವತ್ತರೊಳಗೆ ನಿಂತವರಿಗೆ ಮುಂದಿನ ವರ್ಷವೂ ಟೂರಿನಲ್ಲಿ ಜಾಗ. ಉಳಿದವರು, ಆ ಕಡೆ ನಡುಬೇಸಿಗೆಯಾದ ಜನವರಿಯ ಉರಿಬಿಸಿಲಲ್ಲಿ, ಮೀಸೆ ಮೂಡದ ಹುಡುಗರ ಜೊತೆ ಅರ್ಹತಾ ಪಂದ್ಯ ಆಡಬೇಕು. ಕೊನೆಯ ಪಂದ್ಯದ ಕೊನೆಯ ದಿನ ಬೆಳಿಗ್ಗೆ ಅನ್ಸೆಲ್ಮೊ ನಲವತ್ತೊಂಬತ್ತನೆಯವನಾಗಿದ್ದ.

ಆಟದ ನಿಯಮದಂತೆ, ಚೀಲದಲ್ಲಿ ಚೆಂಡು ಹೊಡೆಯುವ ಕೋಲು ಹದಿನಾಲ್ಕಕ್ಕಿಂತ ಹೆಚ್ಚು ಇರಕೂಡದು. ಅದಕ್ಕೇ ಪ್ರತಿದಿನ ಮೊದಲ ಹೊಡೆತಕ್ಕೆ ಮುಂಚೆ ಫೆರ್ಮಿನ್ ಒಂದೊಂದು ಕೋಲಿನ ತಲೆ ಮುಟ್ಟಿ ಗಟ್ಟಿಯಾಗಿ ಎಣಿಸುತ್ತಿದ್ದ. ಕಣ್ಣಿಗೆ ಪೊರೆ ಬಂದ ಮೇಲೆ ಬೆರಳುಗಳೇ ಲೆಕ್ಕ ಹಿಡಿಯುತ್ತಿದ್ದವು. ಅವನು “ಹದಿನಾಲ್ಕು” ಎಂದರೆ ಅನ್ಸೆಲ್ಮೊ “ಎಲ್ಲರೂ ಮನೇಲಿದಾರೆ” ಎನ್ನುವನು. ಆಮೇಲೆಯೇ ಆಟ.

ಅವತ್ತು ಎಣಿಕೆ ಒಂಬತ್ತಕ್ಕೆ ಬಂದಾಗ, ಅವರಿಬ್ಬರನ್ನು ಮನೆಯಲ್ಲಿ ಉಳಿಸಿಕೊಂಡಿದ್ದ ವಿಧವೆ ಎಲ್ವೇಸಿಯಾ ಏದುಸಿರು ಬಿಡುತ್ತಾ, ಹಿರಿಯರಿಗೆ ಹಚ್ಚುವ ‘ದೋನ್’ ಹಚ್ಚಿ ಕೂಗುತ್ತಾ ಬಂದಳು.

“ದೋನ್ ಫೆರ್ಮಿನ್, ನಿಲ್ಲಿ! ತಿಂಡಿ ಮೇಜಿನ ಮೇಲೇ ಬಿಟ್ಟು ಬಂದಿದೀರಲ್ಲ. ಗೆಣಸಿನ ಹೂರಣದ್ದು, ಇನ್ನೂ ಬಿಸಿಯಾಗಿದೆ. ನೀವೂ ತಿನ್ನಿ, ಅವನಿಗೇ ಎಲ್ಲಾ ಕೊಡಬೇಡಿ!”

ಬೆಚ್ಚಗಿನ ಪೊಟ್ಟಣವನ್ನು ಚೀಲದ ಜೇಬಿಗೆ ತಾನೇ ತುರುಕಿ ಹೋದಳು. ಅಷ್ಟರಲ್ಲಿ ಅನ್ಸೆಲ್ಮೊನ ಹೆಸರು ಕೂಗಿದರು. ಮತ್ತೆ ಒಂದರಿಂದ ಶುರುಮಾಡಲು ಫೆರ್ಮಿನ್‌ಗೆ ನಾಚಿಕೆಯಾಯಿತು. ಮುದುಕನ ಕೈಯಲ್ಲಿ ಇನ್ನು ಆಗುವುದಿಲ್ಲ ಎಂದು ಯಾರಾದರೂ ಅಂದುಕೊಂಡಾರು.

“ಹದಿನಾಲ್ಕು” ಎಂದುಬಿಟ್ಟ.

ಎರಡನೇ ಕುಳಿಯ ಹತ್ತಿರ, ಚೆಂಡನ್ನು ಮೆಲ್ಲಗೆ ಉರುಳಿಸುವ ಕೋಲು ತೆಗೆಯಲು ಹೋದಾಗ ಅವನ ಕೈಗೆ ಎರಡು ತಗಲಿದವು. ಒಂದು ಹೊಸದು, ಮೊದಲ ಕುಳಿಯಲ್ಲಿ ಸುಮ್ಮನೆ ಕೈಗೆ ಸಿಕ್ಕಿದ್ದು. ಇನ್ನೊಂದರ ಹಿಡಿಗೆ ಕಪ್ಪು ಟೇಪು ಸುತ್ತಿತ್ತು. ನಿನ್ನೆ ಸಂಜೆ ಅಭ್ಯಾಸಕ್ಕೆ ತೆಗೆದಿದ್ದ ಹಳೆಯದು, ಕಾರಿನಲ್ಲೇ ಬಿಟ್ಟು ಬರಬೇಕಾಗಿದ್ದದ್ದು.

ಪಕ್ಕದಲ್ಲೇ ಆಳೆತ್ತರದ ಹುಲ್ಲಿನ ಪೊದೆ. ಜೊತೆಗೆ ಆಡುತ್ತಿದ್ದ ಉಲಿಸೆಸ್ ಎಂಬ ತರುಣ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ನೆಲದ ಓರೆ ನೋಡುತ್ತಿದ್ದ. ಕೋಲನ್ನು ಮೆಲ್ಲಗೆ ಪೊದೆಯೊಳಗೆ ಜಾರಿಸಿದರೆ ಯಾರಿಗೂ ತಿಳಿಯದು. ಫೆರ್ಮಿನ್‌ನ ಕೈ ಅರ್ಧ ದಾರಿ ಹೋಯಿತು. ಅನ್ಸೆಲ್ಮೊ ತನ್ನ ಚೆಂಡು ಕೂದಲೆಳೆಯಷ್ಟು ಅಲುಗಿದರೂ ತಾನಾಗಿ ಕೈಯೆತ್ತಿ ಹೇಳುವವನು. ಕೈ ಹಿಂದಕ್ಕೆ ಬಂತು.

“ದೋನ್ ಫೆರ್ಮಿನ್, ಕೋಲು ಕೊಡಿ.”

“ಯಾವುದು ಕೊಡ್ಲಿ ಮಗಾ? ಎರಡಿದೆ.”

ಅನ್ಸೆಲ್ಮೊ ಅವನ ಮುಖವನ್ನೇ ನೋಡಿದ. ಸಮುದ್ರದ ಗಾಳಿ ಕುಳಿಯಲ್ಲಿ ನೆಟ್ಟ ಬಾವುಟವನ್ನು ಪಟಪಟ ಬಡಿಯುತ್ತಿತ್ತು.

“ಉಲಿಸೆಸ್, ರೆಫರಿನ ಕರಿಯಪ್ಪ. ಹದಿನೈದಿದೆ ನನ್ನ ಹತ್ರ.”

“ತಮಾಷೆ ಮಾಡ್ಬೇಡಣ್ಣ!”

“ತಮಾಷೆ ಮಾಡೋಕೆ ಶಕ್ತಿ ಎಲ್ಲಿದೆ ಈ ವರ್ಷ?”

ರೆಫರಿ ಬಂದು ಚೀಲ ನೋಡಿದ. “ಯಾರು ಇಟ್ಟಿದ್ದು ಇದನ್ನ?”

ಫೆರ್ಮಿನ್ ಬಾಯಿ ತೆರೆದ.

“ನಾನೇ” ಎಂದ ಅನ್ಸೆಲ್ಮೊ. “ನಿನ್ನೆ ಸಂಜೆ ಇಟ್ಟು ಮರೆತೆ. ದೋನ್ ಫೆರ್ಮಿನ್, ನೀವು ಆ ಬಾವುಟ ಹಿಡ್ಕೊಳ್ಳಿ, ಗಾಳಿ ಜಾಸ್ತಿ ಆಯ್ತು.”

ಕೋಲು ಹೆಚ್ಚಿದ್ದ ಎರಡು ಕುಳಿಗೆ ಎರಡೆರಡರಂತೆ ನಾಲ್ಕು ಹೊಡೆತ ದಂಡ ಬಿತ್ತು.

ಉಳಿದ ಹದಿನಾರು ಕುಳಿಗಳಲ್ಲಿ ಅನ್ಸೆಲ್ಮೊ ಒಂದೂ ಕೆಟ್ಟ ಹೊಡೆತ ಹೊಡೆಯಲಿಲ್ಲ, ಒಂದು ಕೆಟ್ಟ ಮಾತೂ ಆಡಲಿಲ್ಲ. ಹನ್ನೆರಡನೆಯ ಏರಿನಲ್ಲಿ ಫೆರ್ಮಿನ್‌ನ ಉಸಿರು ಮೇಲಾದಾಗ, ಮುಂದೆ ಹೋಗುತ್ತಿದ್ದ ಉಲಿಸೆಸ್ ಎರಡು ಸಲ ನಿಂತು ಶೂ ದಾರ ಬಿಚ್ಚಿ ಕಟ್ಟಿಕೊಂಡ. ಅದು ಸಡಿಲವೇ ಆಗಿರಲಿಲ್ಲ.

ಸಂಜೆ ಕ್ಲಬ್ಬಿನ ಗೋಡೆಗೆ ಪಟ್ಟಿ ಅಂಟಿಸಿದರು. ಫೆರ್ಮಿನ್‌ಗೆ ಅಕ್ಷರ ಕಾಣಲಿಲ್ಲ.

“ನಮ್ಮವನು ಎಷ್ಟನೆಯವನಪ್ಪ?”

“ಐವತ್ತಮೂರು, ಅಜ್ಜ” ಎಂದ ಉಲಿಸೆಸ್.

“ಆ ನಾಲ್ಕು ಹೊಡೆತ ಇಲ್ದೇ ಹೋಗಿದ್ರೆ?”

ಉಲಿಸೆಸ್ ಪಟ್ಟಿಯ ಮೇಲೆ ಕೆಳಗೆ ಕಣ್ಣಾಡಿಸಿದ. ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಂಡ.

“ಆಗ್ಲೂ ಸಿಗ್ತಿರ್ಲಿಲ್ಲ ಬಿಡಿ. ಗಾಳಿ ಅಂಥದ್ದಿತ್ತು ಇವತ್ತು.”

ಹುಡುಗನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಫೆರ್ಮಿನ್ ಟೋಪಿ ತೆಗೆದು ಅವನಿಗೆ ತಲೆಬಾಗಿ ಹೊರಗೆ ಬಂದ.

ಅನ್ಸೆಲ್ಮೊ ಕಾರಿನ ಹಿಂಬದಿ ತೆರೆದು ಅದರ ಅಂಚಿನ ಮೇಲೆ ಕೂತು, ಸೊಂಟದ ಪಟ್ಟಿ ಸಡಿಲಿಸಿ, ಸೋರೆಬುರುಡೆಯಲ್ಲಿ ಮಾಟೆ ಎಲೆಯ ಕಷಾಯ ಹೀರುತ್ತಿದ್ದ. ಬುರುಡೆಗೆ ಮತ್ತೆ ಬಿಸಿನೀರು ಹುಯ್ದು ಫೆರ್ಮಿನ್ ಕಡೆ ಚಾಚಿದ. ಜೇಬಿನ ಪೊಟ್ಟಣ ಬಿಚ್ಚಿದರೆ ತಿಂಡಿ ಜಜ್ಜಿ ಪುಡಿಯಾಗಿತ್ತು. ಇಬ್ಬರೂ ಅದನ್ನೇ ಹೆಕ್ಕಿ ತಿಂದರು.

“ಜನವರಿಗೆ ಬೇರೆ ಯಾರನ್ನಾದ್ರೂ ನೋಡ್ಕೊ ಮಗಾ” ಎಂದ ಫೆರ್ಮಿನ್. “ಕಣ್ಣು ನೆಟ್ಟಗಿರೋನ್ನ.”

“ನನ್ನ ಕಣ್ಣು ನೆಟ್ಟಗಿದೆಯಲ್ಲ, ಸಾಕು. ನಿಮ್ಮ ಕೈ ಪೊದೆ ಕಡೆ ಹೋಗಿದ್ದು ನೋಡ್ದೆ.”

ಫೆರ್ಮಿನ್ ಕೈಯಲ್ಲಿದ್ದ ತುತ್ತನ್ನು ಪೊಟ್ಟಣಕ್ಕೆ ಹಿಂದಿಟ್ಟ.

“ವಾಪಸ್ ಬಂದಿದ್ದೂ ನೋಡ್ದೆ” ಎಂದ ಅನ್ಸೆಲ್ಮೊ. ಅಂಗೈಗೆ ಅಂಟಿದ ಪುಡಿ ಕೊಡವಿದ. “ಜನವರಿ ಹನ್ನೆರಡಕ್ಕೆ ಹೊರಡೋದು. ದೊಡ್ಡ ಅಂಚಿನ ಟೋಪಿ ತಗೊಂಡು ಬನ್ನಿ, ಅಲ್ಲಿ ಒಂದು ಮರಾನೂ ಇಲ್ಲ. ಈಗ ಚೀಲ ಒಳಗಿಡಬೇಕು, ಎಣಿಸಿ.”

“ಈಗ್ಯಾಕೆ?”

“ಬೆಳಿಗ್ಗೆ ಅರ್ಧಕ್ಕೇ ಬಿಟ್ರಲ್ಲ.”

ಫೆರ್ಮಿನ್ ಚೀಲವನ್ನು ಮೊಣಕಾಲಿಗೆ ಒರಗಿಸಿಕೊಂಡು ಒಂದೊಂದೇ ತಲೆ ಮುಟ್ಟತೊಡಗಿದ. ಒಂಬತ್ತಕ್ಕೆ ಬಂದು ಬೆರಳು ನಿಂತಿತು.

“ಹತ್ತು” ಎಂದ ಅನ್ಸೆಲ್ಮೊ.

ಇಬ್ಬರೂ ಸೇರಿ ಹದಿನೈದರವರೆಗೆ ಹೋದರು.

“ಎಲ್ಲರೂ ಮನೇಲಿದಾರೆ” ಎಂದು ಅನ್ಸೆಲ್ಮೊ ಸೊಂಟ ಹಿಡಿದುಕೊಂಡು ಎದ್ದ. ಚೀಲ ಎತ್ತಿ ಕಾರಿನೊಳಗಿಡಲು ಇಬ್ಬರೂ ಕೈ ಹಾಕಬೇಕಾಯಿತು.