ಸಡಿಲ ಮಾಡಿದ ತಂತಿ

ಊರು ಮೊದಲೋ ರಸ್ತೆ ಮೊದಲೋ ಎಂದು ಕೇಳಿದರೆ ಕುರುಬರಪಲ್ಲಿಯಲ್ಲಿ ಎಳೆಮಕ್ಕಳೂ ಊರೇ ಮೊದಲು ಎನ್ನುತ್ತವೆ. ನಿಜವೇ. ಆದರೆ ಹೈವೇಗೆ ಅದನ್ನು ತಿಳಿಸಿ ಹೇಳುವವರು ಯಾರು? ಕೋಲಾರದಿಂದ ಮುಳಬಾಗಿಲಿನ ಕಡೆಗೆ ಅಗಲವಾಗುತ್ತಾ ಬಂದ ಆ ರಸ್ತೆ ಊರನ್ನು ಈಚೆಗೆ ಬಿಟ್ಟು, ಹಾಲಿನ ಡೈರಿಯನ್ನು ಆಚೆಗೆ ಮಾಡಿ ಹೋಯಿತು. ಮೊದಮೊದಲು ರಸ್ತೆಯ ನಡುವೆ ಕಣಗಿಲೆ ಗಿಡಗಳಿದ್ದವು. ಹೆಂಗಸರು ಹಾಲಿನ ಕ್ಯಾನು ಹಿಡಿದು ಗಿಡಗಳ ಸಂದಿಯಲ್ಲಿ ನುಸುಳಿ ದಾಟುತ್ತಿದ್ದರು. ಆಮೇಲೆ ಒಂದು ಮಳೆಗಾಲ ಲಾರಿಯೊಂದು ಆ ಗಿಡಗಳನ್ನು ತುಳಿದುಕೊಂಡು ಹೋಗಿ ಎದುರಿನ ಕಾರಿನ ಮೇಲೆ ಬಿತ್ತು. ಕಾರಿನಲ್ಲಿದ್ದ ಐದು ಜನವೂ ಹೋದರು. ಅಷ್ಟಾದ ಮೇಲೆ ಗಿಡ ಕಿತ್ತು ತಂತಿ ಹಾಕಿದರು. ಒಂದೂವರೆ ಮಾರಿಗೊಂದು ಕಬ್ಬಿಣದ ಕಂಬ, ಕಂಬದಿಂದ ಕಂಬಕ್ಕೆ ಹೆಬ್ಬೆರಳು ದಪ್ಪದ ನಾಲ್ಕು ಉಕ್ಕಿನ ಹಗ್ಗ, ಹೆಚ್ಚುಕಡಿಮೆ ಸೊಂಟದೆತ್ತರ.

ವೇಣುಗೋಪಾಲನಿಗೆ ಕೆಲಸ ಸಿಕ್ಕಿದ್ದು ಆ ತಂತಿಯಿಂದಲೇ. ರಸ್ತೆ ನೋಡಿಕೊಳ್ಳುವ ಗುತ್ತಿಗೆ ಕಂಪನಿಯಲ್ಲಿ ಅವನು ತಂತಿ ಬಿಗಿ ಮಾಡುವವನು. ಕಿತ್ತಳೆ ಬಣ್ಣದ ಕೋಟು, ತೋಳುದ್ದದ ಎರಡು ಸ್ಪ್ಯಾನರ್, ಬಿಗಿ ಎಷ್ಟಿದೆ ಎಂದು ತೋರಿಸುವ ಒಂದು ಮೀಟರು, ಕೆಲಸ ಮಾಡುವಾಗ ಗಾಡಿಗಳನ್ನು ನಿಧಾನ ಮಾಡಿಸಲು ಒಂದು ಕೆಂಪು ಬಾವುಟ. ಇಷ್ಟು ಅವನ ಆಸ್ತಿ. ಎಲ್ಲಾದರೂ ಗಾಡಿ ಗುದ್ದಿದರೆ ಕಂಬ ಬದಲಾಯಿಸಿ, ತಂತಿಯನ್ನು ಮತ್ತೆ ಎಳೆದು, ಮೀಟರು ಹೇಳಿದಷ್ಟು ಬಿಗಿ ಮಾಡಬೇಕು. ಒಳ್ಳೆ ಕೆಲಸಗಾರ. ಇಂಜಿನಿಯರ್ ಉಮಾಶಂಕರ್ ಕೂಡ ಬೇರೆಯವರ ಎದುರಿಗೇ ಹಾಗೆ ಅನ್ನುತ್ತಿದ್ದರು.

ಆ ಒಳ್ಳೆ ಕೆಲಸಗಾರ ಒಂದು ಕೆಟ್ಟ ಕೆಲಸ ಮಾಡಿದ. ಕೆಟ್ಟದ್ದು ಅಂತ ಆಗ ಯಾರಿಗೆ ಗೊತ್ತಿತ್ತು? ಹಬ್ಬಕ್ಕೆ ಒಬ್ಬಟ್ಟು ಕೊಟ್ಟಷ್ಟೇ ಸಲೀಸಾಗಿ ಮಾಡಿದ.

ಯುಟರ್ನ್ ಎರಡು ಕಿಲೋಮೀಟರ್ ದೂರ. ಹೋಗಲು ಎರಡು, ಬರಲು ಎರಡು. ಬೆಳಗ್ಗೆಯಾಗಲಿ ಸಂಜೆಯಾಗಲಿ ಡೈರಿಯಲ್ಲಿ ಹಾಲು ಅಳೆಯುವುದು ಏಳು ಗಂಟೆಯ ತನಕ ಮಾತ್ರ, ಅದರ ಮೇಲೆ ಒಂದು ನಿಮಿಷ ನಿಲ್ಲುವುದಿಲ್ಲ. ಬೈಕಿದ್ದವರು ಹೇಗೋ ಸುತ್ತಿ ಬರುತ್ತಿದ್ದರು. ಕಾಲ್ನಡಿಗೆಯ ಹೆಂಗಸರು ಏನು ಮಾಡಬೇಕು? ಸೀರೆ ಉಟ್ಟುಕೊಂಡು ಸೊಂಟದೆತ್ತರದ ತಂತಿಯ ಮೇಲೆ ಕಾಲೆತ್ತಿ ಹಾಕುವುದು ಹೇಗೆ, ಅದೂ ಲಾರಿ ಡ್ರೈವರುಗಳು ಹಾರನ್ ಹೊಡೆದು ನಗುವಾಗ! ಪಕ್ಕದ ಮನೆಯ ಶಾಮಲಮ್ಮ ಒಂದು ದಿನ ತಂತಿಗೆ ಸೀರೆ ಸಿಕ್ಕಿಸಿಕೊಂಡು ಬಿದ್ದು, ಎಂಟು ಲೀಟರ್ ಹಾಲು ಟಾರಿನ ಮೇಲೆ ಚೆಲ್ಲಿ, ನೇರ ವೇಣುಗೋಪಾಲನ ಬಾಗಿಲಿಗೆ ಬಂದಳು.

"ಏನಪ್ಪಾ ವೇಣು, ಸ್ಪ್ಯಾನರ್ ನಿನ್ ಕೈಯಾಗೇ ಐತೆ. ಊರೋರು ಬಿದ್ದು ಸಾಯ್ಲಿ ಅಂತ ಸುಮ್ನೆ ನೋಡ್ಕೊಂಡು ಕೂತಿದ್ದೀಯಲ್ಲ, ನಿಂಗೆ ಕರುಳು ಅನ್ನೋದು ಏನಾದ್ರೂ ಐತಾ?"

"ನಂದೇನಮ್ಮ ಅದು? ಕಂಪನಿದು."

"ಕಂಪನಿಯೋರು ನಿಂಗೆ ಹೆಣ್ಣು ಕೊಟ್ಟವ್ರಾ? ಹೊಲದ ಬೇಲಿ ದಾಟಲ್ವಾ ನಾವು? ಒಂದಿಷ್ಟು ಸಡ್ಲ ಬಿಡು ಸಾಕು."

ಹೊಲದ ಬೇಲಿ ದಾಟುವುದು ಆ ಸೀಮೆಯಲ್ಲಿ ಕೂಸಿಗೂ ಗೊತ್ತು. ಕೆಳಗಿನ ತಂತಿಯನ್ನು ಕಾಲಲ್ಲಿ ಒತ್ತಿ ಹಿಡಿಯಬೇಕು, ಮೇಲಿನದನ್ನು ಕೈಯಲ್ಲಿ ಎತ್ತಬೇಕು, ಸಂದಿಯಲ್ಲಿ ಬಗ್ಗಿ ತೂರಬೇಕು. ಮೊದಲು ದಾಟಿದವರು ಹಿಂದಿನವರಿಗೆ ತಂತಿ ಹಿಡಿದು ನಿಲ್ಲುವುದು ಮರ್ಯಾದೆ. ಹಿಡಿಯದೆ ಹೊರಟುಹೋದವನನ್ನು ಊರು ವರ್ಷಗಟ್ಟಲೆ ಆಡಿಕೊಳ್ಳುತ್ತದೆ. ವೇಣುಗೋಪಾಲ ಆ ಊರಲ್ಲೇ ಹುಟ್ಟಿದವನು. ಮಾರನೇ ದಿನ ಡೈರಿಯ ಎದುರಿಗೆ ನಡುವಿನ ಎರಡು ತಂತಿಗಳ ತಿರುಪು ಬಿಚ್ಚಿ, ಕೈಯಲ್ಲಿ ಅಗಲಿಸುವಷ್ಟು ಸಡಿಲ ಬಿಟ್ಟ. ಅವತ್ತು ಸ್ಪ್ಯಾನರಿನ ಇನ್ನೊಂದು ತುದಿ ಹಿಡಿದಿದ್ದವನು ಅವನ ತಮ್ಮ ಮುನೇಶ್. ಸಾಹೇಬರು ತಪಾಸಣೆಗೆ ಬರುವ ಮುನ್ನಾದಿನ ಬಿಗಿ ಮಾಡುವುದು, ಅವರು ಹೋದ ಮಾರನೇ ದಿನ ಸಡಿಲ ಮಾಡುವುದು. ಹೀಗೆ ಐದು ತಿಂಗಳು ನಡೆಯಿತು. ಊರ ಹೆಂಗಸರು ಅವನನ್ನು ಹೊಗಳಿದ್ದೇ ಹೊಗಳಿದ್ದು.

ಮುನೇಶ್ ಮಾಲೂರಿನ ಒಂದು ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ. ಬೆಳಗ್ಗೆ ಬೈಕಿನಲ್ಲಿ ಮನೆಗೆ ಬಂದು, ಹೆಂಡತಿ ಗಂಗಾಲಕ್ಷ್ಮಿ ಕರೆದಿಟ್ಟ ಹಾಲನ್ನು ಅದೇ ಬೈಕಿನಲ್ಲಿ ಸುತ್ತಿಕೊಂಡು ಡೈರಿಗೆ ಹಾಕಿ ಬಂದು ಮಲಗುವುದು ಅವನ ರೂಢಿ. ಹೆಲ್ಮೆಟ್ ಇಲ್ಲದೆ ಗಾಡಿ ತೆಗೆಯುತ್ತಿರಲಿಲ್ಲ, ಅರವತ್ತರ ಮೇಲೆ ಓಡಿಸುತ್ತಿರಲಿಲ್ಲ. ಏನು ಬಂತು! ಕಾರ್ತಿಕದ ಒಂದು ಬೆಳಗ್ಗೆ, ಆರೂಮುಕ್ಕಾಲರ ಹೊತ್ತು, ಟೊಮೆಟೊ ಲಾರಿಯೊಂದನ್ನು ಹಿಂದೆ ಹಾಕಲು ಬಲಗಡೆಗೆ ಬಂದ. ಅದೇ ಹೊತ್ತಿಗೆ ಹಾಲು ಹಾಕಿ ವಾಪಸು ಬರುತ್ತಿದ್ದ ಒಬ್ಬ ಹೆಂಗಸು ತಂತಿಯ ಸಂದಿಯಿಂದ ತೂರಿ ರಸ್ತೆಗೆ ಕಾಲಿಟ್ಟಳು. ಮುನೇಶ್ ಬ್ರೇಕ್ ಹಾಕಿದ. ಬೈಕು ಮಗುಚಿತು. ಅವನು ಜಾರಿಕೊಂಡು ಹೋಗಿ ತಂತಿಯ ಅಡಿಗೆ ಸೇರಿದ. ಜಾರುತ್ತಿದ್ದವನನ್ನು ನಿಲ್ಲಿಸಿದ್ದು ಕಬ್ಬಿಣದ ಕಂಬ. ಕಂಬಕ್ಕೆ ಸಿಕ್ಕಿದ್ದು ಬಲಗಾಲು.

ಕೋಲಾರದ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ತೆಗೆದರು. ಬೇರೆ ದಾರಿ ಇರಲಿಲ್ಲ ಎಂದರು.

ಮೂರನೇ ದಿನ ವೇಣುಗೋಪಾಲ ಕಂಪನಿಯ ಸೈಟ್ ಆಫೀಸಿಗೆ ಹೋದ. ಆ ಜಾಗವನ್ನು ಸರಿ ಮಾಡಲು ಬೇರೆ ಯಾರನ್ನಾದರೂ ಕಳಿಸಿ ಎಂದು ಕೇಳಿಕೊಳ್ಳಲು ಹೋಗಿದ್ದ. ಆದರೆ ಬಾಯಿಂದ ಬಂದದ್ದೇ ಬೇರೆ.

"ಸಾರ್, ಆ ಕಂಬಗಳಿಗೆ ಏನಾದ್ರೂ ಹೊದಿಸ್ಬೋದಲ್ವಾ? ಹಳೇ ಟೈರ್ ಆದ್ರೂ ಕಟ್ತೀನಿ. ಇಲ್ಲಾಂದ್ರೆ ಕೆಳಗಡೆ ಉದ್ದಕ್ಕೂ ಒಂದು ತಗಡು. ಬೈಕಿನೋರು ಬಿದ್ರೆ ಜಾರ್ಕೊಂಡಾದ್ರೂ ಹೋಗ್ತಾರೆ."

ಉಮಾಶಂಕರ್ ಕೆಟ್ಟ ಮನುಷ್ಯರಲ್ಲ. ಕುರ್ಚಿ ಎಳೆದು ಕೂರಿಸಿದರು, ಟೀ ತರಿಸಿದರು.

"ನಂಗೂ ಬೇಜಾರಾಗಿದೆ ವೇಣು. ಆದ್ರೆ ಡ್ರಾಯಿಂಗಲ್ಲಿ ಇಲ್ದಿರೋದನ್ನ ನಾನು ಹಾಕೋಕಾಗಲ್ಲ. ಮೇಲಕ್ಕೆ ಬರೀತೀನಿ. ಎರಡು ಸಲ ಬರ್ದಿದೀನಿ ಕೂಡ. ಈ ತಂತಿ ಬಂದ್ಮೇಲೆ ಎದುರುಬದುರು ಗುದ್ದಿರೋ ಕೇಸು ಒಂದೂ ಇಲ್ಲ, ಅದೂ ಸುಳ್ಳಲ್ಲ ತಾನೇ? ಕಾರಿನೋರಿಗೆ ಇದು ತಾಯಿ ಇದ್ದ ಹಾಗೆ."

"ಬೈಕಿನೋರಿಗೆ ಸಾರ್?"

ಅವರು ಟೀ ಲೋಟದ ಕಡೆಗೆ ನೋಡಿದರು. ತಗ್ಗಿದ ದನಿಯಲ್ಲಿ ಹೇಳಿದರು, "ಅಲ್ಲಿ ನಡುವಿನ ತಂತಿ ಸಡ್ಲ ಇತ್ತಂತೆ. ನಂಗೆ ಗೊತ್ತಿಲ್ಲ, ನಾನು ನೋಡಿಲ್ಲ. ಸೋಮವಾರ ತಪಾಸಣೆ ಇದೆ. ಅಷ್ಟರಲ್ಲಿ ಮೀಟರು ಸರಿಯಾಗಿ ತೋರಿಸ್ಬೇಕು. ಆ ಜಾಗ ನಿಂದೇ ಕಣಪ್ಪ, ಬೇರೆಯೋರು ಹೋದ್ರೆ ಇನ್ನೂ ಪ್ರಶ್ನೆ ಏಳ್ತವೆ."

ಉಪಕಾರ ಮಾಡಿದರೋ ಬಲೆಗೆ ಹಾಕಿದರೋ ತಿಳಿಯದೆ ಅವನು ಎದ್ದುಬಂದ.

ಮನೆಯ ಮುಂದೆ ಶಾಮಲಮ್ಮ ಕೂತಿದ್ದಳು. ಮೂರು ದಿನದಿಂದ ಅವಳು ಯಾರೊಂದಿಗೂ ಮಾತಾಡಿರಲಿಲ್ಲ. ಅವನನ್ನು ಕಂಡದ್ದೇ ತಡ, ಅವನ ಎರಡು ಕೈಗಳನ್ನೂ ಹಿಡಿದುಕೊಂಡಳು.

"ವೇಣೂ, ಅವತ್ತು ಅಡ್ಡ ಬಂದಿದ್ದು ನಾನೇ ಕಣಪ್ಪ. ಖಾಲಿ ಕ್ಯಾನು ಅಲ್ಲೇ ಬಿಸಾಕಿ ಓಡ್ಬಂದೆ. ಬಿದ್ದಿದ್ದು ನಮ್ ಮುನೇಶ ಅಂತಾನೂ ನೋಡ್ಲಿಲ್ಲ. ಅಯ್ಯೋ ದೇವುಡಾ, ನಾನ್ಯಾಕೆ ಬದುಕಿದೀನಿ! ಗಂಗಾಗೆ ಹೇಳ್ಬೇಡ್ವೋ, ನಿನ್ ಕಾಲಿಗೆ ಬೀಳ್ತೀನಿ."

"ಯಾರಿಗೂ ಹೇಳಲ್ಲ ಬಿಡಮ್ಮ," ಎಂದ. "ನೀನು ತೂರಿದ್ದು ನಾನು ಸಡ್ಲ ಬಿಟ್ಟಿದ್ದಕ್ಕೆ ತಾನೇ?"

ಅವಳು ಇಲ್ಲ ಎನ್ನಲಿಲ್ಲ. ಎನ್ನುತ್ತಾಳೇನೋ ಎಂದು ಅವನು ಸ್ವಲ್ಪ ಹೊತ್ತು ಕಾದು ನಿಂತಿದ್ದ.

ಆ ರಾತ್ರಿ ಊಟ ಬಿಟ್ಟು ಎದ್ದ. ತಮ್ಮನಿಗಾದರೂ ಹೇಳಿಬಿಡಬೇಕು. ಬೈಯಲಿ, ಉಗಿಯಲಿ, ಇನ್ನು ನನ್ನ ಮುಖ ನೋಡಬೇಡ ಎನ್ನಲಿ. ಒಬ್ಬರಾದರೂ ಬೈದರೆ ಎದೆಯ ಭಾರ ಇಳಿದೀತು ಎನ್ನಿಸಿತು. ಬೆಳಗಾಗುತ್ತಲೇ ಬಸ್ಸು ಹತ್ತಿ ಕೋಲಾರಕ್ಕೆ ಹೋದ. ವಾರ್ಡಿನ ಕೊನೆಯ ಮಂಚದಲ್ಲಿ ಮುನೇಶ್ ದಿಂಬಿಗೆ ಒರಗಿ ಕೂತಿದ್ದ. ಹೊದಿಕೆಯ ಕೆಳಗೆ ಒಂದು ಕಾಲು ಉದ್ದ, ಒಂದು ಕಾಲು ಗಿಡ್ಡ. ವೇಣುಗೋಪಾಲ ನೋಡಬಾರದು ಎಂದುಕೊಂಡು ಅಲ್ಲಿಗೇ ನೋಡಿದ.

"ಮುನೇಶಾ, ಒಂದು ಮಾತು. ಆ ತಂತಿ…"

"ನಾನೂ ಅದೇ ಹೇಳೋಣ ಅಂತಿದ್ದೆ ಅಣ್ಣ," ಎಂದ ಮುನೇಶ್. ಮಾತ್ರೆಯ ಮಂಪರಿನಲ್ಲೂ ಮುಖದಲ್ಲಿ ಒಂದು ಬೆಳಕಿತ್ತು. "ಮಲ್ಕೊಂಡೋನಿಗೆ ಬೇರೆ ಏನು ಕೆಲ್ಸ, ಅದನ್ನೇ ಯೋಚ್ನೆ ಮಾಡ್ತಿದ್ದೆ. ತಂತಿ ಬಿಗಿಯಾಗಿದ್ದಿದ್ರೆ ನನ್ ಕತ್ತೇ ಹೋಗ್ತಿತ್ತು ಕಣಣ್ಣ. ನೀನು ಸಡ್ಲ ಬಿಟ್ಟಿದ್ದಕ್ಕೆ ಕಾಲಲ್ಲೇ ಮುಗೀತು. ನಿನ್ನಿಂದ ಬದುಕ್ದೆ ನಾನು. ಗಂಗಾಗೂ ಹಂಗೇ ಹೇಳಿದೀನಿ, ಬಾವನ ಕಾಲು ಮುಟ್ಟಿ ನಮಸ್ಕಾರ ಮಾಡು ಅಂತ."

ವೇಣುಗೋಪಾಲನಿಗೆ ಗೊತ್ತಿತ್ತು. ಕತ್ತಿಗೂ ಆ ತಂತಿಗೂ ಸಂಬಂಧವೇ ಇರಲಿಲ್ಲ. ಅವನು ಜಾರಿದ್ದು ನೆಲದ ಮೇಲೆ, ತಂತಿಯ ಅಡಿಗೆ. ತಂತಿ ಬಿಗಿಯಾಗಿದ್ದಿದ್ದರೆ ಶಾಮಲಮ್ಮ ಅಲ್ಲಿ ತೂರುತ್ತಲೇ ಇರಲಿಲ್ಲ, ಅವನು ಬ್ರೇಕ್ ಹಾಕುತ್ತಲೇ ಇರಲಿಲ್ಲ. ಇದನ್ನು ಹೇಳಿದರೆ ಇವನಿಗೆ ಉಳಿಯುವುದೇನು? ಕಾಲಂತೂ ಹೋಗಿದೆ, ಇದೊಂದು ಸಮಾಧಾನವನ್ನೂ ಕಿತ್ತುಕೊಳ್ಳಬೇಕೇ?

"ಅವತ್ತು ಯಾರೋ ಅಡ್ಡ ಬಂದ್ರಲ್ಲ," ಎಂದು ತೊದಲಿದ.

"ಯಾರೋ ಏನೋ. ಬಿಳೀ ಕ್ಯಾನು ಒಂದು ಕಂಡ ನೆಪ್ಪು. ಪಾಪ, ಅವರೇನು ಬೇಕು ಅಂತ ಬಂದ್ರಾ?" ಮುನೇಶ್ ಅಣ್ಣನ ಕೈ ಹಿಡಿದುಕೊಂಡ. "ಒಂದು ಕೆಲ್ಸ ಮಾಡ್ತೀಯಾ? ಅದನ್ನ ಬಿಗಿ ಮಾಡ್ಬೇಡ. ಇನ್ಮೇಲೆ ಬೈಕಿಲ್ಲ, ನಾನಿಲ್ಲ. ಗಂಗಾನೇ ನಡ್ಕೊಂಡು ಡೈರಿಗೆ ಹೋಗ್ಬೇಕು. ಎರಡು ಹಸು ಬಿಟ್ರೆ ಈಗ ನಮಗಿನ್ನೇನಿದೆ?"

ವೇಣುಗೋಪಾಲ ಕೈ ಬಿಡಿಸಿಕೊಂಡು ಹೊರಗೆ ಹೋದ. ಎಳನೀರು ಕೊಚ್ಚಿಸಿ ತಂದುಕೊಟ್ಟು, ತಮ್ಮ ಕುಡಿಯುವ ತನಕ ಲೋಟ ಹಿಡಿದು ನಿಂತ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಅತ್ತ. ಕಂಡಕ್ಟರು ಟಿಕೆಟ್ ಕೇಳಲು ಬಂದವನು ಮುಂದಿನ ಸೀಟಿಗೆ ಹೋಗಿ ಆಮೇಲೆ ಬಂದ.

ಭಾನುವಾರ ಮಧ್ಯಾಹ್ನ ಕೆಲಸ ಹಿಡಿದ. ಬಗ್ಗಿದ್ದ ಕಂಬ ಕಿತ್ತು ಹೊಸದು ನೆಟ್ಟ. ಹಳೆಯದರ ಮೇಲೆ ಕಪ್ಪಾಗಿ ಏನೋ ಒಣಗಿತ್ತು. ಅದನ್ನು ಗಾಡಿಯ ಹಿಂದೆ ಉಳಿದ ಕಬ್ಬಿಣದ ಜೊತೆ ಹಾಕುವುದಕ್ಕೆ ಕೈ ಬರದೆ, ಗೋಣಿಚೀಲ ಸುತ್ತಿ ಬೇರೆ ಇಟ್ಟ. ಆಮೇಲೆ ತಂತಿಯ ತಿರುಪಿಗೆ ಸ್ಪ್ಯಾನರ್ ಹಾಕಿದ. ಬಿಗಿ ಮಾಡಿದರೆ ಗಂಗಾ ದಾಟುವುದು ಹೇಗೆ? ಸಡಿಲ ಬಿಟ್ಟರೆ ಇನ್ನೊಬ್ಬ ಶಾಮಲಮ್ಮ, ಇನ್ನೊಬ್ಬ ಮುನೇಶ. ಹೇಗೆ ತಿರುವಿದರೂ ಸಿಕ್ಕಿಬೀಳುವವರು ತನ್ನವರೇ. ಒಂದು ಸುತ್ತು, ಎರಡು ಸುತ್ತು, ಹತ್ತು, ಹದಿನೈದು. ಮೀಟರಿನ ಮುಳ್ಳು ಬಂದು ಗೆರೆಯ ಮೇಲೆ ನಿಂತಿತು. ತಂತಿಯನ್ನು ಬೆರಳಲ್ಲಿ ಮೀಟಿದಾಗ ಬಿಗಿಯಾಗಿ ಝಣ್ ಎಂದಿತು.

ಐದು ಗಂಟೆಗೆ ಗಂಗಾಲಕ್ಷ್ಮಿ ಬಂದಳು. ಕಂಕುಳಲ್ಲಿ ಹಾಲಿನ ಕ್ಯಾನು. ಭಾವನನ್ನು ಕಂಡು ಸೆರಗು ತಲೆಯ ಮೇಲೆ ಎಳೆದುಕೊಂಡಳು. ಆ ಮನೆಗೆ ಸೊಸೆಯಾಗಿ ಬಂದು ಎಂಟು ವರ್ಷವಾದರೂ ಅವನ ಎದುರಿಗೆ ಕುರ್ಚಿಯಲ್ಲಿ ಕೂತವಳಲ್ಲ. ತಂತಿಯ ಹತ್ತಿರ ಬಂದು, ರೂಢಿಯಂತೆ ಕೆಳಗಿನದನ್ನು ಕಾಲಲ್ಲಿ ಒತ್ತಿದಳು. ಅದು ಅಲುಗಲಿಲ್ಲ. ಮೇಲಿನದಕ್ಕೆ ಕೈ ಹಾಕಿದಳು. ಅದೂ ಅಲುಗಲಿಲ್ಲ. ತಲೆ ತಗ್ಗಿಸಿ ನಿಂತಳು. ಇನ್ನು ತಂತಿಯ ಮೇಲೆ ಕಾಲೆತ್ತಿ ದಾಟುವುದೊಂದೇ ದಾರಿ, ಭಾವನ ಎದುರಿಗೆ ಅದು ಆಗುವ ಮಾತಲ್ಲ ಎಂದು ಅವನಿಗೆ ಅರ್ಥವಾಯಿತು.

ಅವನು ಕ್ಯಾನನ್ನು ಇಸಿದುಕೊಂಡು ತಂತಿಯ ಆಚೆ ಇಳಿಸಿದ. ಆಮೇಲೆ ಕೆಂಪು ಬಾವುಟ ತೆಗೆದುಕೊಂಡು, ಅವಳಿಗೆ ಬೆನ್ನು ಮಾಡಿ, ಬರುವ ಗಾಡಿಗಳಿಗೆ ಎದುರಾಗಿ ರಸ್ತೆಯಲ್ಲಿ ನಿಂತ. ಲಾರಿಗಳು ನಿಧಾನವಾದವು. ಕಾರಿನವನೊಬ್ಬ ಗಾಜಿಳಿಸಿ ಬೈದ. ಮೂರು ಬೈಕುಗಳು ಬ್ರೇಕ್ ಹಾಕಿ ಕಾಲೂರಿದವು. ಒಂದರ ಹಿಂದೆ ಸೀರೆಯುಟ್ಟ ಹೆಂಗಸು, ಮಡಿಲಲ್ಲಿ ಮಗು. ಅವರ ಬಲಕ್ಕೆ ಎರಡು ಮೊಳ ದೂರದಲ್ಲಿ ಕಂಬಗಳು ಕಣ್ಣು ಹಾಯುವಷ್ಟು ದೂರ ಸಾಲಾಗಿ ನಿಂತಿದ್ದವು. ಅವರು ಕಂಬಗಳ ಕಡೆ ನೋಡಲಿಲ್ಲ, ಇವನ ಬಾವುಟವನ್ನೇ ನೋಡುತ್ತಿದ್ದರು.

ಹಿಂದೆ ಬಳೆಗಳ ಸದ್ದು, ತಂತಿಯ ಸದ್ದು, ಆಮೇಲೆ ಕ್ಯಾನು ಎತ್ತಿಕೊಂಡ ಸದ್ದು. ಅವನು ಸರಕ್ಕನೆ ತಂತಿಯಾಚೆ ಹಾರಿ ಆ ಕಡೆಯ ಗಾಡಿಗಳಿಗೂ ಬಾವುಟ ಹಿಡಿದ. ಅವಳು ಡೈರಿಗೆ ಹೋಗಿ ಬರುವ ತನಕ ಅಲ್ಲೇ ಕಾದ. ಕಂಪನಿಯ ಗಾಡಿಯವನು ಹೊತ್ತಾಯಿತು ಎಂದು ಹಾರನ್ ಮೇಲೆ ಹಾರನ್ ಹೊಡೆದ. ಹೊಡೆದುಕೊಳ್ಳಲಿ. ವಾಪಸು ಬಂದಾಗಲೂ ಹಾಗೇ ಬೆನ್ನು ಮಾಡಿ ನಿಂತು ದಾಟಿಸಿದ.

ಈಚೆ ದಡಕ್ಕೆ ಬಂದ ಮೇಲೆ ಅವಳು ಖಾಲಿ ಕ್ಯಾನು ಕೆಳಗಿಟ್ಟು, ಬಗ್ಗಿ ಅವನ ಕಾಲು ಮುಟ್ಟಿದಳು. ಅವನು ಬೆಂಕಿ ತುಳಿದವನಂತೆ ಹಿಂದೆ ಸರಿದ.

"ಅವರೇ ಹೇಳಿದ್ರು ಬಾವ, ನಿಮ್ಮಿಂದಲೇ ಪ್ರಾಣ ಉಳೀತು ಅಂತ," ಎಂದಳು. ಆಮೇಲೆ, ನೆಲ ನೋಡುತ್ತಲೇ, "ನಾಳೆ ಬೆಳಗ್ಗೆ ಇರ್ತೀರಾ?"

ನಾಳೆಯಿಂದ ಅವನ ಕೆಲಸ ನಂಗಲಿಯ ಕಡೆಗೆ, ಆಂಧ್ರದ ಗಡಿಯ ಹತ್ತಿರ. ಡ್ಯೂಟಿ ಚೀಟಿ ಕೋಟಿನ ಜೇಬಿನಲ್ಲೇ ಇತ್ತು. ಬಾವುಟವೂ ಗಾಡಿಯ ಜೊತೆ ಅಲ್ಲಿಗೇ ಹೋಗುತ್ತದೆ.

"ಇರ್ತೀನಿ ಕಣಮ್ಮ," ಎಂದ.