ಅಂಚು ಕತ್ತರಿಸುವ ಯಂತ್ರ

ನಮ್ಮ ಮನೆಯ ಗೋಡೆಯ ಮೇಲೆ ಒಂದು ಹಿತ್ತಾಳೆ ಫಲಕ ಇತ್ತು. 'ಎಫ್ರಾಯಿನ್ ಓರ್ದೋನ್ಯೆಸ್, ಸಾಂತಾ ರುಫಿನಾ ಊರಿನ ನೆನಪು ಉಳಿಸಿದ ಮಹನೀಯ' ಅಂತ ಕೆತ್ತಿಸಿ ಪುರಸಭೆಯವರು ಕೊಟ್ಟದ್ದು. ಹೋದ ತಿಂಗಳು ಅದನ್ನು ಇಳಿಸಿ ಮಂಚದ ಕೆಳಗೆ ತಳ್ಳಿದೆ. ಯಾಕೆ ಅಂತ ಹೆಂಡತಿ ಕೇಳಿದಳು. ಗೋಡೆಗೆ ಸುಣ್ಣ ಹೊಡೆಸಬೇಕು ಅಂದೆ. ಅಷ್ಟು ಹೊತ್ತಿಗೆ ಸುಳ್ಳು ಹೇಳುವುದು ನನಗೆ ಚೆನ್ನಾಗಿ ರೂಢಿಯಾಗಿತ್ತು.

ಎರಡು ವರ್ಷದ ಹಿಂದೆ ನಮ್ಮೂರ ಜನನ-ಮರಣ ಕಚೇರಿಯಲ್ಲಿ ನೂರು ವರ್ಷದ ಪುಸ್ತಕಗಳು ಬೂಷ್ಟು ಹಿಡಿದು ಕೂತಿದ್ದವು. ಅವುಗಳ ಚಿತ್ರ ತೆಗೆದು ಕಂಪ್ಯೂಟರಿಗೆ ಹಾಕುವ ಯಂತ್ರ ಮಾಡಿದವನು ನಾನು. ರೊಟ್ಟಿ ಅಂಗಡಿಯ ಹಳೆ ಹಲಗೆ ತಂದು, ಪುಸ್ತಕದ ಬೆನ್ನು ಮುರಿಯದ ಹಾಗೆ ತೊಟ್ಟಿಲು ಮಾಡಿ, ಮೇಲೆ ಎರಡು ಕ್ಯಾಮೆರಾ ಕಟ್ಟಿದೆ. ಉಳಿದ ಕೆಲಸಕ್ಕೆ ಪ್ರೋಗ್ರಾಂ ನಾನೇ ಬರೆದೆ. ಸೊಟ್ಟ ಪುಟ ನೆಟ್ಟಗಾಗುತ್ತಿತ್ತು, ಕಲೆ ಮಾಯವಾಗುತ್ತಿತ್ತು. ಊರವರು ಅದಕ್ಕೆ ಎಫ್ರಾಯಿನನ ಇಸ್ತ್ರಿಪೆಟ್ಟಿಗೆ ಅಂತ ಹೆಸರಿಟ್ಟಿದ್ದರು. ನಾನು ಉಬ್ಬಿ ಹೋಗಿದ್ದೆ, ಮುಚ್ಚುಮರೆ ಯಾಕೆ.

ಎರಡು ಕರಾಮತ್ತಿನ ಬಗ್ಗೆ ನನಗೆ ವಿಪರೀತ ಜಂಬ. ಪ್ರತಿ ಪುಟದ ಎಡಕ್ಕೆ ಒಂದು ಕೆಂಪು ಗೆರೆ ಇರುತ್ತಿತ್ತು. ಅದರಾಚೆಯ ಅಂಚಿನಲ್ಲೇ ಬೂಷ್ಟು, ಬೆರಳಿನ ಕೊಳೆ, ಹುಳ ಕೊರೆದ ತೂತು ಎಲ್ಲಾ. ಯಂತ್ರ ಆ ಗೆರೆಯನ್ನು ತಾನೇ ಹುಡುಕಿ ಅಂಚನ್ನು ಕತ್ತರಿಸಿ ಬಿಸಾಡುತ್ತಿತ್ತು. ಎರಡನೆಯದು, ಚೊಕ್ಕ ಚಿತ್ರ ಸಿದ್ಧವಾದ ತಕ್ಷಣ ಮೊದಲು ತೆಗೆದ ಚಿತ್ರವನ್ನು ಅಳಿಸಿಬಿಡುತ್ತಿತ್ತು. ಮೂರು ಕೋಣೆಯ ಪುಸ್ತಕ ನನ್ನ ಅಂಗೈಯಲ್ಲಿ ಹಿಡಿಸುತ್ತೆ ಅಂತ ಕಂಡಕಂಡವರಿಗೆ ಅಂಗೈ ತೋರಿಸುತ್ತಿದ್ದೆ.

ಕಚೇರಿಯಲ್ಲಿ ನಲವತ್ತು ವರ್ಷ ಬರೆದ ಗುಮಾಸ್ತರೊಬ್ಬರಿದ್ದರು, ದೋನ್ ನೆಕ್ತಾರಿಯೊ. ಹಿರಿಯ ಗಂಡಸರನ್ನು ದೋನ್, ಹೆಂಗಸರನ್ನು ದೋನ್ಯಾ ಅನ್ನುವುದು ನಮ್ಮಲ್ಲಿ ಮರ್ಯಾದೆ. ನಿವೃತ್ತಿಯಾದ ಮೇಲೂ ಬಂದು ಬಾಗಿಲ ಹತ್ತಿರ ಕೂರುತ್ತಿದ್ದರು. ಒಂದು ದಿನ ನನ್ನ ಭುಜ ತಟ್ಟಿ, "ಮಗಾ, ಅಂಚು ಕತ್ತರಿಸ್ಬೇಡ. ನಡುವೆ ಬರ್ದಿರೋದು ಹುಟ್ಟಿದ ದಿನದ ಸಂಗತಿ ಮಾತ್ರ. ಈ ಊರಲ್ಲಿ ಎಷ್ಟೋ ಮಕ್ಕಳಿಗೆ ಅಪ್ಪ ಸಿಕ್ಕಿರೋದು ಅಂಚಲ್ಲೇ," ಅಂದರು.

ಅವರು ಹೇಳಿದ್ದು ಮದುವೆಯಿಲ್ಲದೆ ಹುಟ್ಟಿದ ಮಕ್ಕಳ ವಿಷಯ. ಎಷ್ಟೋ ವರ್ಷ ಆದಮೇಲೆ ಅಪ್ಪನಾದವನು ಬಂದು ಇದು ನನ್ನ ಮಗು ಅಂತ ಒಪ್ಪಿಕೊಂಡರೆ, ಅದನ್ನು ಅಂಚಿನಲ್ಲಿ ಬರೆದು ಸಹಿ ಹಾಕಿಸುತ್ತಿದ್ದರು. ನಾನು ತೀರಾ ಈಚಿನ ಪುಸ್ತಕ ಒಂದನ್ನು ತೆಗೆದು ಹತ್ತು ಪುಟ ತಿರುವಿದೆ. ಅಂಚು ಖಾಲಿ. ಮುದುಕನಿಗೆ ಅರಳುಮರಳು ಅಂತ ನಕ್ಕೆ. ಕೆಲಸ ಮುಗಿದ ಮೇಲೆ 'ಯಥಾವತ್ ಪ್ರತಿ' ಅಂತ ಸಹಿ ಮಾಡಿಕೊಟ್ಟೆ. ಆ ಸಹಿ ನಂಬಿ ಪುರಸಭೆಯವರು ಬೂಷ್ಟು ಹಿಡಿದ ಪುಸ್ತಕಗಳನ್ನೆಲ್ಲ ಊರಾಚೆ ಒಯ್ದು ಸುಟ್ಟರು. ದೋನ್ ನೆಕ್ತಾರಿಯೊ ಅದೇ ಚಳಿಗಾಲದಲ್ಲಿ ತೀರಿಕೊಂಡರು.

ಆಮೇಲೆ ಬಂದವರು ದೋನ್ಯಾ ಸೋಯ್ಲಾ.

ಸಂತೆಯಲ್ಲಿ ಉಮಿತಾ ಮಾರುವ ಹೆಂಗಸು, ಎಪ್ಪತ್ತು ದಾಟಿದೆ. ಎಳೆ ಜೋಳ ರುಬ್ಬಿ, ಅದರ ಸಿಪ್ಪೆಯಲ್ಲೇ ಸುತ್ತಿ ಅವರು ಬೇಯಿಸಿದ್ದನ್ನು ತಿಂದೇ ನಾನು ಬೆಳೆದದ್ದು. ಅವತ್ತು ಮಂಗಳವಾರ, ನಾನು ಕಚೇರಿಯ ಹಿಂದಿನ ಕೋಣೆಯಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದೆ. ಕಿಟಕಿಯಲ್ಲಿ ಕೂತು ಪತ್ರ ಕೊಡುವ ಹುಡುಗಿ ಅವರನ್ನು ನನ್ನ ಹತ್ತಿರ ಕಳಿಸಿದಳು.

ಅವರಪ್ಪ ಮೆಸಿಯಾಸ್ ಅರೆವಾಲೊ, ಹೆಂಚು ಸುಡುತ್ತಿದ್ದವರು. ಸತ್ತು ಮೂವತ್ತು ವರ್ಷ. ಸ್ಮಶಾನದ ಗೋಡೆಯಲ್ಲಿ ಅವರ ಶವಪೆಟ್ಟಿಗೆ ಇಟ್ಟಿದ್ದ ಗೂಡಿನ ಬಾಡಿಗೆ ಅವಧಿ ತೀರಿತ್ತು. ಹೆಂಡತಿ, ತಮ್ಮ ಯಾರೂ ಉಳಿದಿಲ್ಲ. ಹದಿನೈದು ದಿನದೊಳಗೆ ಸ್ವಂತ ಮಗಳು ಬಂದು ಗೂಡನ್ನು ಮತ್ತೆ ಹಿಡಿಯದಿದ್ದರೆ, ಮೂಳೆ ತೆಗೆದು ದಿಕ್ಕಿಲ್ಲದವರ ಹೊಂಡಕ್ಕೆ ಹಾಕುತ್ತಾರೆ. ಮಗಳು ಅನ್ನುವುದಕ್ಕೆ ಜನನ ಪತ್ರ ಬೇಕು. ಕಿಟಕಿಯಲ್ಲಿ ಕೊಟ್ಟ ಪತ್ರದಲ್ಲಿ ತಾಯಿಯ ಹೆಸರಷ್ಟೇ ಇತ್ತು: ಸೋಯ್ಲಾ ಮೋರಾ, ತಂದೆ ಗೊತ್ತಿಲ್ಲ. ಗುರುತಿನ ಚೀಟಿಯಲ್ಲಿ ಅರೆವಾಲೊ ಅಂತಿದೆಯಲ್ಲ ಅಂದರೆ, ಚೀಟಿಗಿಂತ ಚಿತ್ರವೇ ದೊಡ್ಡದು ಅಂದರಂತೆ.

"ನಂಗಾಗ ಒಂಬತ್ತು ವರ್ಷ," ಅಂದರು ದೋನ್ಯಾ ಸೋಯ್ಲಾ. "ಅಪ್ಪ ಕೈ ಹಿಡ್ಕೊಂಡು ಇಲ್ಲಿಗೇ ಕರ್ಕೊಂಡು ಬಂದಿದ್ರು. ಅವ್ರಿಗೆ ಕಿವಿ ಮಂದ. ಈ ಹುಡುಗಿ ನಿನ್ನ ಮಗಳಾ ಅಂತ ಗುಮಾಸ್ತ ಮೂರು ಸಲ ಕೂಗಿ ಕೇಳ್ದ. ಮೂರು ಸಲಾನೂ ಹೌದು ಅಂದ್ರು, ಇಡೀ ಕಚೇರಿಗೆ ಕೇಳೋ ಹಂಗೆ."

ನಾನು ಚಿತ್ರ ತೆರೆದೆ. ಪುಟ ಬೆಳ್ಳಗೆ ಹೊಳೆಯುತ್ತಿತ್ತು. ಎಡ ತುದಿಯಲ್ಲಿ, ಗೆರೆ ದಾಟಿ ಒಳಗೆ ನುಗ್ಗಿದ ಒಂದು ಶಾಯಿಯ ಬಾಲ. ಅದು ಸಹಿಯ ಕೊನೆಯ ಸುತ್ತು. ಉಳಿದ ಸಹಿ, ಅದರ ಮೇಲಿದ್ದ ಬರಹ, ಎಲ್ಲವನ್ನೂ ನನ್ನ ಯಂತ್ರ ಕತ್ತರಿಸಿತ್ತು. ಮೂಲ ಚಿತ್ರವಿಲ್ಲ, ಪುಸ್ತಕವಿಲ್ಲ. ಎಷ್ಟು ಸಾವಿರ ಪುಟ ಹೀಗಾಗಿದೆಯೋ ದೇವರೇ ಬಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಏನೂ ಅಂದಿರಲಿಲ್ಲ, ನಾನೇ ಗಡಿಬಿಡಿಯಿಂದ ಮಾತಾಡತೊಡಗಿದೆ. ಯಂತ್ರ ತಪ್ಪು ಮಾಡುವುದಿಲ್ಲ, ಹಳೆ ಗುಮಾಸ್ತರು ಸೋಮಾರಿಗಳಾಗಿದ್ದರು, ಕಾಲ ಹಾಗಿತ್ತು, ಏನೇನೋ. ಕೊನೆಗೆ, "ಅಮ್ಮಾ, ಆಗ ನೀವು ಚಿಕ್ಕವ್ರು. ನಿಮ್ಮಪ್ಪ ಬಾಯಲ್ಲಿ ಹೌದು ಅಂದಿರ್ಬಹುದು. ಬರೆಸಿರ್ಲಿಕ್ಕಿಲ್ಲ," ಅಂದೆ.

ಅವರು ಪರದೆಯ ಹತ್ತಿರ ಬಗ್ಗಿ ಆ ಬಾಲದ ಮೇಲೆ ಬೆರಳಿಟ್ಟರು. "ಮತ್ತೆ ಇದೇನು?"

"ಕಲೆ," ಅಂದೆ.

ಅವರು ಬೆರಳು ತೆಗೆದರು. ಆಮೇಲೆ ಬುಟ್ಟಿ ಎತ್ತಿಕೊಂಡು ಹೋದರು. ನಾನು ಬಾಗಿಲು ಹಾಕಿ ಬಂದು ಕೂತು, ಕಂಪ್ಯೂಟರಿನ ಚಿತ್ರದಿಂದ ಆ ಬಾಲವನ್ನೂ ಒರೆಸಿದೆ. ಇಷ್ಟು ಬರೆಯುವಾಗಲೂ ನನ್ನ ಮುಖ ಬಿಸಿಯಾಗುತ್ತಿದೆ. ಕತ್ತರಿಸಿದ್ದು ತಿಳಿಯದೆ ಮಾಡಿದ ತಪ್ಪು. ಒರೆಸಿದ್ದು ತಿಳಿದೇ ಮಾಡಿದ ಪಾಪ.

ಒಂದು ವಾರ ಕಳೆದು, ನಡೆದದ್ದನ್ನೆಲ್ಲ ಬರೆದು ಸಹಿ ಮಾಡಿದೆ. ಕಚೇರಿಗೆ ಅದನ್ನು ಕೊಟ್ಟರೆ ದೋನ್ಯಾ ಸೋಯ್ಲಾಗೆ ಗೂಡು ಸಿಗುತ್ತಿತ್ತು. ಆದರೆ ಇವತ್ತು ಕೊಡೋಣ, ನಾಳೆ ಕೊಡೋಣ ಅಂತ ಆರು ದಿನ ಕೋಟಿನ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದೆ. ಊರಲ್ಲಿ ಎದುರಾದವರೆಲ್ಲ ಇಂಜಿನಿಯರ್ರೇ ಅಂತ ಟೋಪಿ ತೆಗೆಯುತ್ತಿದ್ದರು. ಆ ಮರ್ಯಾದೆ ಬಿಡಲು ಮನಸ್ಸಾಗಲಿಲ್ಲ, ಥೂ.

ಗಡುವಿನ ದಿನ ಸೋಮವಾರ. ನಮ್ಮಲ್ಲಿ ಸೋಮವಾರ ಸತ್ತವರ ವಾರ, ಸ್ಮಶಾನದ ತುಂಬ ಹೂವು ಹಿಡಿದ ಜನ. ಓಡೋಡುತ್ತ ಹೋದೆ. ಮೂರನೇ ಸಾಲಿನ ಗೂಡು ಬಾಯಿ ತೆರೆದುಕೊಂಡಿತ್ತು. ಬೆಳಿಗ್ಗೆ ಎಂಟಕ್ಕೇ ಮುಗೀತು ಅಂದ ಕಾವಲುಗಾರ. ಸಾಕ್ಷಿಗೆ ಆ ಉಮಿತಾ ಅಮ್ಮ ಇದ್ದರಂತೆ. ಸಂಬಂಧ ಏನು ಅಂತ ಕೇಳಿದ್ದಕ್ಕೆ, ಪರಿಚಯ ಅಂತ ಬರ್ಕೊಳ್ಳಿ ಅಂದರಂತೆ.

ಹೊಂಡದ ಸಿಮೆಂಟ್ ಮುಚ್ಚಳದ ಪಕ್ಕ ಅವರು ಕೂತಿದ್ದರು. ನನ್ನನ್ನು ಕಂಡು ಬುಟ್ಟಿಯಿಂದ ಒಂದು ಉಮಿತಾ ತೆಗೆದು ಕೊಟ್ಟರು. ಇನ್ನೂ ಬಿಸಿ ಇತ್ತು. "ನಿಮ್ಗೆ ಸುಮ್ನೆ ತೊಂದ್ರೆ ಕೊಟ್ಟೆ. ನೀವು ಹೇಳಿದ್ದೇ ಸರಿ. ಹುಡುಗಿ ಮನಸ್ಸು, ಏನೋ ಕಟ್ಕೊಂಡಿದ್ದೆ," ಅಂದರು.

ಅಲ್ಲೇ ನೆಲದ ಮೇಲೆ ಕೂತೆ. "ಅದು ಕಲೆ ಅಲ್ಲ ಅಮ್ಮಾ. ಸಹಿಯ ಬಾಲ. ನಿಮ್ಮಪ್ಪ ಬರೆಸಿದ್ರು. ಕತ್ತರಿಸಿದ್ದು ನನ್ನ ಯಂತ್ರ. ಉಳಿದಿದ್ದ ಬಾಲ ಒರೆಸಿದ್ದು ನಾನು."

ದೋನ್ಯಾ ಸೋಯ್ಲಾ ನನ್ನ ಕೈಯಿಂದ ಉಮಿತಾ ವಾಪಸು ತೆಗೆದುಕೊಂಡು ಬುಟ್ಟಿಯಲ್ಲಿಟ್ಟು ಬಟ್ಟೆ ಮುಚ್ಚಿದರು.

"ಎರಡು ವಾರ ನಾನು ಅಪ್ಪನ್ನ ಸುಳ್ಳ ಅನ್ಕೊಂಡೆ," ಅಂದರು. "ನಂಗೆ ಹೇಳಿದ್ದಾಯ್ತು. ಈಗ ಅವ್ರಿಗೆ ಹೇಳಿ."

ನಾನು ಮುಚ್ಚಳದ ಮೇಲೆ ಬಗ್ಗಿ ತಗ್ಗಿದ ದನಿಯಲ್ಲಿ ಹೇಳಿದೆ.

"ಹಂಗೆ ಪಿಸುಗುಟ್ಟಿದ್ರೆ ಆಗಲ್ಲ, ಎದ್ದು ನಿಂತು ಹೇಳಿ. ಅಪ್ಪಂಗೆ ಕಿವಿ ಮಂದ."

ಎದ್ದು ನಿಂತೆ. ಮೂರು ಸಲ ಹೇಳಿಸಿದರು. ಮೂರನೇ ಸಲಕ್ಕೆ ಹೂವು ಹಿಡಿದವರೆಲ್ಲ ನಮ್ಮ ಸುತ್ತ ಬಂದು ನಿಂತಿದ್ದರು. ಅವರಲ್ಲೊಬ್ಬ ಮುದುಕ ಟೋಪಿ ತೆಗೆಯದೆಯೇ ಮುಂದೆ ಬಂದ.

"ನಮ್ಮಪ್ಪನ್ನೂ ಕತ್ತರಿಸಿದ್ಯೇನೋ?" ಅಂತ ಕೇಳಿದ.

ಗೊತ್ತಿಲ್ಲ ಅಂದೆ. ನಿಜವಾಗಿಯೂ ನನಗೆ ಗೊತ್ತಿರಲಿಲ್ಲ.