ಹತ್ತಿರದ ಚಕ್ರ

"ಭಾವ, ಆ ಕಲ್ಲಿಗೆ ಕೈ ಹಾಕ್ಬ್ಯಾಡಿ!"

ಹಳದಿ ಕಾರಿನ ಚಕ್ರಕ್ಕೆ ಅಡ್ಡ ಕೊಟ್ಟಿದ್ದ ಕಲ್ಲನ್ನು ಇನ್ನೇನು ಎಳೆಯಬೇಕೆಂದು ಬಗ್ಗಿದ್ದ ನರಸಯ್ಯ ತಮ್ಮನ ಹೆಂಡತಿ ಮಾಯಮ್ಮನ ಕೂಗಿಗೆ ಹಾಗೇ ನಿಂತ. ಅಂಗಳದಲ್ಲಿ ಅವನ ತಮ್ಮ ರಾಮಲಿಂಗಯ್ಯ ಚಟ್ಟದ ಮೇಲೆ ಮಲಗಿದ್ದ. ಮೀಯಿಸಿದವರು ಎಷ್ಟು ಉಜ್ಜಿದರೂ ಉಗುರಿನ ಸಂದಿಯ ಗ್ರೀಸು ಹೋಗಿರಲಿಲ್ಲ. ತಮಟೆಯವರು ಆಗಲೇ ಎರಡು ಸಲ ತಮಟೆ ಕಾಯಿಸಿಕೊಂಡಿದ್ದರು. ಎಲ್ಲ ಸಿದ್ಧವಿತ್ತು, ಹೆಣ ಹೊರಡಲು ದಾರಿಯೊಂದೇ ಇರಲಿಲ್ಲ.

ದೊಡ್ಡಆಲಹಳ್ಳಿಯ ಇಳಿಜಾರಿನಲ್ಲಿ ರಾಮಲಿಂಗಯ್ಯನ ಮನೆಯ ಅಂಗಳವೇ ಅವನ ಮೆಕ್ಯಾನಿಕ್ ಶಾಪು. ಬೆಳಕು ಚೆನ್ನಾಗಿ ಬೀಳುತ್ತದೆಂದು ಆ ಕಾರನ್ನು ಗೇಟಿನ ಬಾಯಿಗೇ ತಂದು ನಿಲ್ಲಿಸಿಕೊಂಡಿದ್ದ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಸುವ ಹಫೀಜಾ ಅವರ ಕಾರು ಅದು. ಅವರ ತಂದೆ ಪ್ರಾಯದಲ್ಲಿ ಆಸೆಪಟ್ಟು ಕೊಂಡ ಅಮೆರಿಕದ ಹಳೇ ಗಾಡಿ. ಎರಡೇ ಬಾಗಿಲು, ಎಡಗಡೆ ಸ್ಟೇರಿಂಗು, ರೇಷ್ಮೆಗೂಡಿನ ಬಣ್ಣ. ಇಂಜಿನ್ ಎದ್ದರೆ ಊರಿನ ನಾಯಿಗಳೆಲ್ಲ ಏಳುತ್ತಿದ್ದವು. ತುಕ್ಕು ತಿಂದ ಬ್ರೇಕ್ ಪೈಪುಗಳನ್ನೆಲ್ಲ ಕಿತ್ತು, ರಾಮಲಿಂಗಯ್ಯ ಹೊಸ ಪೈಪು ಬಗ್ಗಿಸಿ ಕೂರಿಸಿದ್ದ. ಪೈಪಿನೊಳಗಿನ ಗಾಳಿ ತೆಗೆಯುವುದು ಒಂದು ಚಕ್ರದಲ್ಲಿ ಮಾತ್ರ ಬಾಕಿಯಿತ್ತು. ಅಲ್ಲಿಯವರೆಗೆ ಅದು ಬ್ರೇಕಿಲ್ಲದ ಗಾಡಿಯೇ.

"ಹೊತ್ತು ಮುಳ್ಗೋದ್ರೊಳ್ಗೆ ಮಣ್ಣಾಗ್ಬೇಕು ಮಾಯಮ್ಮ," ಅಂದ ನರಸಯ್ಯ. "ಮುಂದಕ್ಕೆ ತಳ್ಬುಡ್ತೀವಿ, ಅಷ್ಟೇಯ."

"ತಳ್ಬುಟ್ರೆ ಎಲ್ಲೋಗಿ ನಿಲ್ತದೆ? ಕೆಳ್ಗೆ ಮೇನ್ ರೋಡು. ಫ್ಯಾಕ್ಟ್ರಿ ಬಸ್ಸು, ಲಾರಿ ಒಂದ್ರಿಂದೊಂದು ಬತ್ತಾ ಅವೆ."

"ಹಂಗಾರೆ ಕಾಂಪೌಂಡ್ ಮೇಲಿಂದ ದಾಟುಸ್ತೀವಿ."

"ಕಳ್ಳನ್ನ ಸಾಗ್ಸ್ದಂಗೆ ಗೋಡೆ ಹಾರುಸ್ತೀರಾ ನಿಮ್ ತಮ್ಮನ್ನ?" ಮಾಯಮ್ಮ ಸೆರಗು ಬಿಗಿದು ಎದ್ದಳು. "ಅವ್ರಿರೋಗಂಟ ಬ್ರೇಕಿಲ್ದ ಗಾಡಿ ಈ ಗೇಟು ದಾಟಿಲ್ಲ. ಅವ್ರು ಇನ್ನೂ ಇಲ್ಲೇ ಅವ್ರೆ."

ನರಸಯ್ಯ ಕಲ್ಲು ಬಿಟ್ಟು ಹಿಂದೆ ಸರಿದ. ಮಾಯಮ್ಮ ಗುಂಪಿನಲ್ಲಿ ನಟರಾಜುವನ್ನು ಹುಡುಕಿದಳು. ಇದೇ ಅಂಗಳದಲ್ಲಿ ಕೆಲಸ ಕಲಿತು ಬಿಡದಿಯ ಕಾರು ಫ್ಯಾಕ್ಟರಿ ಸೇರಿದ್ದವನು. ಶಿಫ್ಟು ಮುಗಿಸಿ ಯೂನಿಫಾರಂ ಅಂಗಿಯಲ್ಲೇ ಬಂದಿದ್ದ.

"ನಟ, ಒಂದು ಚಕ್ರ ಉಳ್ಕೊಂಡೈತೆ ಕಣಪ್ಪ. ನೀನು ಕೆಳಕ್ಕೆ ನುಗ್ಗು. ಪೆಡಲ್ ನಾನು ಒತ್ತೀನಿ."

"ಹೆಣ ಮಡಿಕ್ಕೊಂಡು ಕಾರಲ್ಲಿ ಕೂತ್ಕೊತಾಳಂತೆ," ಎಂದಳು ನರಸಯ್ಯನ ಹೆಂಡತಿ ಅಂಕಮ್ಮ, ಕೇಳಲಿ ಎಂದೇ.

*

ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಮೇಲೆ ಕೂತು ಪೆಡಲ್ ಒತ್ತಿ ಹಿಡಿದಿರಬೇಕು. ಇನ್ನೊಬ್ಬರು ಕೆಳಗೆ ಮಲಗಿ ಚಕ್ರದ ಹಿಂದಿನ ನಿಪ್ಪಲ್ ಎಂಬ ಸಣ್ಣ ತಿರುಪು ಸಡಿಲಿಸಿ, ಗಾಳಿ ಹೊರಬಿಟ್ಟು, ಮತ್ತೆ ಬಿಗಿಯಬೇಕು. ಬಿಗಿಯುವ ಮೊದಲೇ ಪೆಡಲ್ ಬಿಟ್ಟರೆ ಹೊರಗಿನ ಗಾಳಿ ಒಳಗೆ ನುಗ್ಗಿ, ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಮದುವೆಯಾದ ಹೊಸದರಲ್ಲಿ ಆಳಿಡುವ ಶಕ್ತಿಯಿರಲಿಲ್ಲ. ರಾಮಲಿಂಗಯ್ಯ ಹೆಂಡತಿಯನ್ನೇ ಕರೆದು ಕೂರಿಸಿದ. "ಒತ್ತು ಅಂದ್ರೆ ಒತ್ತು. ಹಿಡ್ಕೊ ಅಂದ್ರೆ ಹಿಡ್ಕೊ. ನಾನು ಬುಡು ಅನ್ನೋಗಂಟ ಬುಡ್ಬ್ಯಾಡ."

ಮಾಯಮ್ಮ ಬರಿಗಾಲಲ್ಲಿ ಒತ್ತುತ್ತಿದ್ದಳು. ಗಾಳಿಯಿದ್ದರೆ ಪೆಡಲ್ ನಾದಿದ ಹಿಟ್ಟಿನಂತೆ ಮೆತ್ತಗೆ. ಗಾಳಿ ಹೋದ ಮೇಲೆ ಆರಿದ ಮುದ್ದೆಯಂತೆ ಗಟ್ಟಿ. ಹಗಲೆಲ್ಲ ಮಾತಾಡದ ಗಂಡ ಆಗ ಮಾತ್ರ ಅವಳೊಂದಿಗೆ ಮಾತಾಡುತ್ತಿದ್ದ. ಅವಳೂ ತನ್ನ ಬೈಗುಳವನ್ನೆಲ್ಲ ಆ ಹೊತ್ತಿಗೇ ಎತ್ತಿಡುತ್ತಿದ್ದಳು, ಕಾರಿನಡಿ ಮಲಗಿದವನು ಎಲ್ಲಿಗೆ ಓಡಿಯಾನು?

ಅವನು ಯಾವಾಗಲೂ ಪೆಡಲಿಗೆ ದೂರದ ಚಕ್ರದಿಂದ ಶುರುಮಾಡಿ ಹತ್ತಿರದ್ದಕ್ಕೆ ಬರುತ್ತಿದ್ದ. ಉಳಿದ ಗಾಡಿಗಳಲ್ಲಿ ಆ ಹತ್ತಿರದ ಚಕ್ರ ಬಲಗಡೆ. ಈ ಕಾರಿನಲ್ಲಿ ಎಡಗಡೆ, ಅವಳ ಕಾಲಿನ ಮುಂದೆಯೇ.

ನಿನ್ನೆ ಮೂರು ಚಕ್ರ ಮುಗಿಸಿ ಅಲ್ಲಿಗೇ ಬಂದಿದ್ದ.

"ಹಿಡ್ಕೊ," ಅಂದ.

ಹಿಡಿದಳು. ನಿಪ್ಪಲ್ ಬಿಚ್ಚಿದರೆ ಪೆಡಲ್ ಇಳಿಯಬೇಕು. ಇಳಿಯಲಿಲ್ಲ. "ಸ್ಪ್ಯಾನರ್ ಬೀಳುಸ್ಕೊಂಡ್ರಾ? ಸಾರು ಆರೋಯ್ತದೆ, ಬಿರ್ನೆ ಆಗ್ಲಿ," ಎಂದು ರೇಗಿದಳು. ಮುಂದಿನ ಗಾಜಿನಾಚೆ ಬಿಸಿಲಿನಲ್ಲಿ ಹತ್ತಿಯಂಥ ಬೀಜಗಳು ತೇಲಿ ಹೋಗುತ್ತಿದ್ದವು. ಎಲ್ಲೋ ಅಗಸೆ ಹೂವಿನ ವಾಸನೆ. ತೂಕಡಿಕೆ ಬರುವಷ್ಟು ಹಾಯಾಗಿತ್ತು. ಮೀನಖಂಡ ನಡುಗತೊಡಗಿದರೂ ಅವಳು ಕಾಲು ತೆಗೆಯಲಿಲ್ಲ. ಅವನು ಬುಡು ಅಂದಿರಲಿಲ್ಲ.

*

ನಟರಾಜು ಅಂಗಿ ಕಳಚಿ ಕಾರಿನಡಿ ನುಗ್ಗಿದ. ಸ್ಪ್ಯಾನರ್ ನಿನ್ನೆ ಬಿದ್ದಲ್ಲೇ ಇತ್ತು.

"ಒತ್ತಕ್ಕ... ಹಿಡ್ಕೊ."

ಪೆಡಲ್ ಮೆಲ್ಲಗೆ ಇಳಿಯಿತು. ಗುಳುಗುಳು ಎಂದು ಗಾಳಿ ಬಂತು. ನಿಪ್ಪಲ್ ಬಿಗಿದು, ಮುಂದಿನ ಮಾತು ಹೇಳಲು ಬಾಯಿ ತೆರೆದವನಿಗೆ ನಾಲಿಗೆ ಏಳಲಿಲ್ಲ. ನಿನ್ನೆ ಬುಡು ಅನ್ನುವ ಮೊದಲೇ ಗಂಡನ ಉಸಿರು ನಿಂತದ್ದನ್ನು ಮಾಯಮ್ಮ ಬೆಳಗಿನಿಂದ ಹೇಳಿಕೊಂಡು ಅತ್ತಿದ್ದಳು. ಸ್ಪ್ಯಾನರಿನಿಂದ ಚಕ್ರಕ್ಕೆ ಟಣ್ ಎಂದು ಬಡಿದ. ಅವಳಿಗೆ ಅರ್ಥವಾಯಿತು, ಕಾಲೆತ್ತಿದಳು. ಒತ್ತು, ಹಿಡ್ಕೊ, ಟಣ್. ಒತ್ತು, ಹಿಡ್ಕೊ, ಟಣ್. ತಮಟೆಯವರು ಸುಮ್ಮನೆ ನಿಂತು ಕೇಳುತ್ತಿದ್ದರು. ಅಂಕಮ್ಮ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

"ಗಟ್ಟಿಯಾಯ್ತು," ಅಂದಳು ಮಾಯಮ್ಮ.

ನರಸಯ್ಯ ತಾನೇ ಕಲ್ಲು ತೆಗೆದ. ಕಾರು ಸದ್ದಿಲ್ಲದೆ, ನೀರಿನ ಮೇಲೆ ಹೋದಂತೆ ಗೇಟು ದಾಟಿ ಓಣಿಯಲ್ಲಿ ಇಳಿಯಿತು. ನಟರಾಜು ಕಿಟಕಿಯಿಂದ ಕೈಹಾಕಿ ಸ್ಟೇರಿಂಗು ತಿರುಗಿಸುತ್ತ ಪಕ್ಕದಲ್ಲೇ ಓಡಿದ. ಹುಣಸೇಮರದ ಕೆಳಗೆ ಮಾಯಮ್ಮ ಪೆಡಲ್ ಒತ್ತಿದಳು. ಕಾರು ಒಂದು ಗೇಣೂ ಜಾರದೆ ನಿಂತಿತು.

"ಕಲ್ಲು ಕೊಟ್ಟಿವ್ನಿ ಅಕ್ಕ. ಇನ್ನು ಕಾಲು ತಗಿ," ಎಂದು ನಟರಾಜು ಚಟ್ಟಕ್ಕೆ ಹೆಗಲು ಕೊಡಲು ಓಡಿದ.

ಚಟ್ಟ ಗೇಟಿನಿಂದಲೇ ಹೊರಟಿತು. ಅವಳ ಕಿಟಕಿಯ ಪಕ್ಕದಲ್ಲೇ ಹಾದು, ಹೊಲದ ಕಡೆ ತಿರುಗಿತು. ತಮಟೆ ಸದ್ದು ಹಿಪ್ಪುನೇರಳೆ ತೋಟದಾಚೆ ಸಣ್ಣಗಾಗುತ್ತ ಹೋಯಿತು. ಹೆಂಗಸರು ಗೇಟಿನ ಹತ್ತಿರ ಬಂದು ಮಾಯಮ್ಮ ಇಳಿದು ಬರುವುದನ್ನು ಕಾದರು. ಕತ್ತಲಾಗುತ್ತಿತ್ತು. ಕಾರಿನ ಹಿಂದಿನ ಕೆಂಪು ಬ್ರೇಕ್ ದೀಪಗಳೆರಡೂ ಉರಿಯುತ್ತಲೇ ಇದ್ದವು. ಓಣಿಯಲ್ಲಿ ಎರಚಿದ್ದ ಪುರಿಯೆಲ್ಲ ಆ ಬೆಳಕಿನಲ್ಲಿ ಕೆಂಪಾಗಿ ಕಾಣುತ್ತಿತ್ತು.